ಗೌಡರ ತೆಂಗಿನಮರದ ಡಬ್ಬ

ನಮ್ಮ ಮನೆಯ ತಾರಸಿಯ ಮೇಲೆ ಅಮ್ಮನ ಸಂಡಿಗೆಗೂ ನನ್ನ ಆಂಟೆನಾಕ್ಕೂ ಸದಾ ಜಗಳ. ಕಬ್ಬಿಣದ ಪೈಪಿನ ತುದಿಗೆ ನಾನು ಕಟ್ಟಿದ್ದ ಅಲ್ಯೂಮಿನಿಯಂ ಕಡ್ಡಿಗಳ ಮೇಲೆ ಕತ್ರಿಗುಪ್ಪೆಯ ಕಾಗೆಗಳೆಲ್ಲ ಬಂದು ಕೂರುತ್ತಿದ್ದವು. ಕೂತ ಮೇಲೆ ಅವು ಮಾಡುವ ಕೆಲಸವನ್ನು ನೇರವಾಗಿ ಕೆಳಗೆ ಒಣಗುತ್ತಿದ್ದ ಸಂಡಿಗೆಯ ಮೇಲೆಯೇ ಮಾಡುತ್ತಿದ್ದವು. “ಮದುವೆ ಆಗ್ಬೇಕಾದ ಹುಡುಗಿ ಮಾಡೋ ಕೆಲ್ಸಾನೇನೇ ಇದು?” ಅಂತ ಅಮ್ಮ ದಿನಕ್ಕೊಂದು ಸಲ ಕೇಳುತ್ತಿದ್ದಳು. ನಾನು ಮೈಕಿನ ಗುಂಡಿ ಒತ್ತಿ ಮಾತಾಡಿದಾಗಲೆಲ್ಲ ಅವಳ ಧಾರಾವಾಹಿಯ ಸೊಸೆಯ ಮುಖಕ್ಕೆ ಅಡ್ಡಗೆರೆ ಬೀಳುತ್ತಿತ್ತು ಎನ್ನುವುದು ಅವಳ ಇನ್ನೊಂದು ದೂರು.

ಆ ಕೆಲಸದ ಹೆಸರು ಹವ್ಯಾಸಿ ರೇಡಿಯೊ, ಹ್ಯಾಮ್ ಅಂತಾರಲ್ಲ ಅದು. ಸರ್ಕಾರದ ಪರೀಕ್ಷೆ ಬರೆದು, ಸ್ಟೀಲ್ ಲೋಟದ ಮೇಲೆ ಚಮಚ ಕುಟ್ಟಿ ಕುಟ್ಟಿ ಮೋರ್ಸ್ ಕೋಡ್ ಕಲಿತು, ಲೈಸೆನ್ಸ್ ತೆಗೆದುಕೊಂಡಿದ್ದೆ. ಹಗಲು ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ಬೆಸುಗೆ ಹಾಕುವುದನ್ನು ಹೇಳಿಕೊಡುವುದು, ಸಂಜೆ ತಾರಸಿಯ ಮೇಲಿನ ತಗಡಿನ ಕೋಣೆಯಲ್ಲಿ ಕೂತು ಗಾಳಿಯಲ್ಲಿ ಮಾತಾಡುವುದು. ಮೊಬೈಲು ಆಗ ಸಿರಿವಂತರ ಸೊಂಟದಲ್ಲಿತ್ತು. ನಮ್ಮ ಮನೆಯ ಫೋನಂತೂ ಅಪ್ಪನ ಕುರ್ಚಿಯ ಪಕ್ಕದಲ್ಲೇ ಇತ್ತು, ಅಪ್ಪ ಆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹಾಗಾಗಿ ಇಪ್ಪತ್ತಮೂರು ವರ್ಷದ ನನಗೆ ಊರಿನ ಜೊತೆ ಮಾತಾಡಲು ಇದ್ದದ್ದು ಆ ರೇಡಿಯೊ ಒಂದೇ.

ದಿನಾ ಸಂಜೆ ಏಳಕ್ಕೆ ದಕ್ಷಿಣ ಬೆಂಗಳೂರಿನ ಹವ್ಯಾಸಿಗಳೆಲ್ಲ ಒಂದೇ ತರಂಗಾಂತರದಲ್ಲಿ ಸೇರುತ್ತಿದ್ದರು. ಅದಕ್ಕೆ ನೆಟ್ ಅಂತ ಕರೆಯುತ್ತಿದ್ದೆವು. ಇಂಟರ್‌ನೆಟ್ ಊರಿಗೆ ಬರುವ ಮೊದಲೇ ನಮಗೆ ನಮ್ಮದೇ ನೆಟ್ ಇತ್ತು ಅಂತ ಜಂಬ ಬೇರೆ. ಅದನ್ನು ನಡೆಸುತ್ತಿದ್ದವರು ಜಯನಗರದಲ್ಲಿದ್ದ ಒಬ್ಬ ನಿವೃತ್ತ ಅಂಕಲ್. ಮೇಷ್ಟರ ಹಾಗೆ ಒಬ್ಬೊಬ್ಬರ ಹಾಜರಿ ಕರೆದು, ಒಬ್ಬೊಬ್ಬರಿಗೆ ಸರದಿ ಕೊಡುತ್ತಿದ್ದರು. ಒಬ್ಬೊಬ್ಬರದೂ ಒಂದೊಂದು ಸ್ಟೇಷನ್, ಒಬ್ಬರನ್ನೊಬ್ಬರು ಏರಿಯಾದ ಹೆಸರಿನಿಂದ ಕರೆಯುತ್ತಿದ್ದೆವು. ಅವರು ಜಯನಗರ, ನಾನು ಕತ್ರಿಗುಪ್ಪೆ. ಒಬ್ಬರು ಗುಂಡಿ ಒತ್ತಿದರೆ ಉಳಿದವರೆಲ್ಲ ಬಾಯಿ ಮುಚ್ಚಿ ಕೇಳಬೇಕು, ‘ಓವರ್’ ಅಂದು ಗುಂಡಿ ಬಿಟ್ಟ ಮೇಲೆ ಇನ್ನೊಬ್ಬರು. ಹವಾಮಾನ, ಆಂಟೆನಾ, ರೇಡಿಯೊದ ಆರೋಗ್ಯ ಇವು ಮೂರನ್ನು ಬಿಟ್ಟು ಬೇರೆ ಮಾತಾಡುವ ಹಾಗಿಲ್ಲ. ಸ್ವಂತ ವಿಷಯವಂತೂ ಕೂಡದೇ ಕೂಡದು. ಯಾರಾದರೂ ಬಾಯಿತಪ್ಪಿ ಮಗಳ ಮದುವೆಯ ಸುದ್ದಿ ಎತ್ತಿದರೆ ಅಂಕಲ್ “ಸ್ಟೇಷನ್, ಸ್ಟೇಷನ್” ಅಂತ ಗದರುತ್ತಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ನೆಟ್ಟಿಗೆ ಒಂದು ಹೊಸ ದನಿ ಬಂತು. “ನಮಸ್ಕಾರ್ರೀ ಎಲ್ಲಾರಿಗೂ. ಬಿಟಿಎಂ ಲೇಔಟ್ನಿಂದ ಮಾತಾಡಾಕತ್ತೀನ್ರಿ.” ಬಾಗಲಕೋಟೆ ಕಡೆಯ ಹುಡುಗ. ಸುದ್ದಗುಂಟೆಪಾಳ್ಯದ ಹತ್ತಿರ ಬಾಡಿಗೆ ಕೋಣೆ, ಯಾವುದೋ ಆಫೀಸಿನಲ್ಲಿ ಕೆಲಸ, ಕಿಟಕಿಯ ಸರಳಿಗೆ ಕಟ್ಟಿದ ತಂತಿಯೇ ಆಂಟೆನಾ. ಮಾತಿನ ಕೊನೆಗೆ ಅವನು ಎಳೆಯುವ ಆ ‘ರೀ’ ಇದೆಯಲ್ಲ, ಅದು ನನ್ನ ಕಿವಿಗೆ ಬಿದ್ದ ಮೇಲೆ ಮುಂದಿನ ಮೂರು ಸ್ಟೇಷನ್ನಿನವರು ಏನು ಹೇಳಿದರೋ ನನಗೆ ಗೊತ್ತಾಗಲಿಲ್ಲ.

ಆಮೇಲೆ ನಾವಿಬ್ಬರೂ ಹವಾಮಾನದ ವಿಷಯದಲ್ಲಿ ಭಾರೀ ಆಸಕ್ತಿ ಬೆಳೆಸಿಕೊಂಡೆವು.

“ಕತ್ರಿಗುಪ್ಪಿ, ಬಿಟಿಎಂನಾಗ ಮೋಡ ಆಗೈತ್ರಿ. ನಿಮ್ ಕಡೆ ಹೆಂಗೈತಿ? ಓವರ್.”

“ಇರಿ, ನೋಡ್ಕೊಂಡ್ ಬರ್ತೀನಿ. ಓವರ್.”

ನೋಡಲು ಅಲ್ಲೇನಿತ್ತು ಮಣ್ಣು? ಅದೇ ಕತ್ತಲು, ಅವನ ತಲೆಯ ಮೇಲಿದ್ದ ಅದೇ ಮೋಡದ ಬಾಲ. ಆದರೂ ನಾನು ಹೊರಗೋಡಿ, ಆಕಾಶಕ್ಕೆ ಕತ್ತೆತ್ತಿ, ಒಳಗೋಡಿ ಬಂದು ಆ ಒಂದು ಮೋಡವನ್ನು ಐದು ನಿಮಿಷ ವರ್ಣಿಸುತ್ತಿದ್ದೆ. ಅವನು ಅದೇ ಮೋಡದ ಆ ಕಡೆಯ ಅಂಚನ್ನು ಇನ್ನೈದು ನಿಮಿಷ ವರ್ಣಿಸುತ್ತಿದ್ದ. ಮಳೆಗಾಲ ಮುಗಿದು ಆಕಾಶ ಬೋಳಾದ ಮೇಲೂ ನಮ್ಮ ಮೋಡಗಳು ಕಮ್ಮಿಯಾಗಲಿಲ್ಲ. ಅಂಕಲ್ ಒಂದೆರಡು ಸಲ ಕೆಮ್ಮಿದರು. ಹವಾಮಾನ ಮಾತಾಡಬೇಡಿ ಅನ್ನಲು ನಿಯಮದಲ್ಲಿ ಎಡೆಯಿರಲಿಲ್ಲ.

ಅವನನ್ನು ನಾನು ನೋಡಿರಲಿಲ್ಲ. ಕಪ್ಪೋ ಬಿಳುಪೋ, ಕುಳ್ಳನೋ ಉದ್ದವೋ ತಿಳಿಯದು. ನನಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು, ಅದರಲ್ಲಿ ಸುತ್ತಿಬಳಸಿ ಹೇಳುವುದು ಏನೂ ಇಲ್ಲ. ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡು ನಗುತ್ತಿದ್ದೆ. ಬನಶಂಕರಿಯಲ್ಲಿ ಬಸ್ಸಿಳಿಯುವುದನ್ನು ಮರೆತು ಡಿಪೋವರೆಗೆ ಹೋಗಿದ್ದೂ ಉಂಟು. ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು ಅಂತಾರಲ್ಲ, ನಾನು ಆ ಮೂರು ತಿಂಗಳು ಊಟಕ್ಕೆ ಕೂತದ್ದೇ ಅಪರೂಪ.

ಅಷ್ಟರಲ್ಲಿ ನಮ್ಮ ಬೀದಿಗೆ ಕೇಬಲ್ ಬ್ರಾಡ್‌ಬ್ಯಾಂಡ್ ಬಂತು.

ಬೀದಿಯ ಟಿವಿಗಳಿಗೆಲ್ಲ ಕೇಬಲ್ ಎಳೆದಿದ್ದ, ನಾವು ಕೇಬಲ್ ಅಣ್ಣ ಅನ್ನುತ್ತಿದ್ದವನೇ ಅದೇ ಕೇಬಲ್ಲಿನಲ್ಲಿ ಇಂಟರ್‌ನೆಟ್ಟನ್ನೂ ಕಳಿಸಲು ಶುರುಮಾಡಿದ. ಮರದಿಂದ ಕಂಬಕ್ಕೆ, ಕಂಬದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಯಾರದೋ ನೀರಿನ ಟ್ಯಾಂಕಿಗೆ ಕಪ್ಪು ವೈರುಗಳು ಜೋತುಬಿದ್ದವು. ನಡುನಡುವೆ ಸಿಗ್ನಲ್ಲಿಗೆ ಜೋರು ಕೊಡುವ ತಗಡಿನ ಡಬ್ಬಗಳು. ಎದುರು ಮನೆಯ ಆಂಟಿ ಮೋಡೆಮ್ಮಿಗೆ ಕುಂಕುಮ ಇಟ್ಟು ಊದಿನಕಡ್ಡಿ ಬೆಳಗಿದರು. ಬೀದಿಗೆಲ್ಲ ಹಬ್ಬ. ನನ್ನ ರೇಡಿಯೊದೊಳಗೆ ಮಾತ್ರ ಯಾರೋ ಬಾಣಲೆಯಲ್ಲಿ ಸಾಸಿವೆ ಹಾಕಿ ಒಲೆ ಆರಿಸುವುದನ್ನೇ ಮರೆತಂತೆ ಒಂದೇ ಸಮನೆ ಚಟಪಟ, ಚರಚರ.

ಗಾಳಿ ಮೊದಲೇ ಕಿಕ್ಕಿರಿದಿತ್ತು. ಹೊಸ ಎಫ್‌ಎಂ ಸ್ಟೇಷನ್ನುಗಳು, ಮೊಬೈಲ್ ಟವರುಗಳು, ಪಕ್ಕದ ಬೀದಿಯ ಡಾಕ್ಟರ ಕಾರ್ಡ್‌ಲೆಸ್ ಫೋನು, ಎಲ್ಲವೂ ಒಂದೇ ಆಕಾಶದಲ್ಲಿ ನುಗ್ಗಾಡುತ್ತಿದ್ದವು. ಆದರೆ ಅವು ತಮ್ಮ ತಮ್ಮ ಸಾಲಿನಲ್ಲಿ ನಿಲ್ಲುತ್ತಿದ್ದವು. ಕೇಬಲ್ಲಿನೊಳಗೆ ಇರಬೇಕಾದ ಸಿಗ್ನಲ್ಲು ಮಾತ್ರ ಎಲ್ಲೋ ಸಡಿಲವಾದ ಜೋಡಣೆಯಿಂದ ಹೊರಗೆ ಸೋರಿ, ನೇರ ನಮ್ಮ ನೆಟ್ಟಿನ ತರಂಗಾಂತರದ ಮೇಲೆಯೇ ಬಂದು ಕೂತಿತ್ತು. ಮೊದಮೊದಲು ಸಣ್ಣಗೆ ಇತ್ತು, ನಾನೂ ಕಿವಿ ಗಟ್ಟಿಮಾಡಿಕೊಂಡು ಮೋಡ ವರ್ಣಿಸುತ್ತಿದ್ದೆ.

ಒಂದು ಬುಧವಾರ ನೆಟ್ ಮುಗಿಯುವ ಹೊತ್ತಿಗೆ ಅವನು ಎಂದಿನ ಹಾಗೆ ಮೋಡದಿಂದ ಶುರುಮಾಡಲಿಲ್ಲ.

“ಕತ್ರಿಗುಪ್ಪಿ, ನಿಮಗೊಂದ್ ಮಾತ್ ಕೇಳೋದೈತ್ರಿ,” ಅಂದ. ಅವನು ಮತ್ತೆ ಬಾಯಿ ತೆರೆಯುವುದಕ್ಕೂ ಬಾಣಲೆಗೆ ಸೇರುಗಟ್ಟಲೆ ಸಾಸಿವೆ ಸುರಿಯುವುದಕ್ಕೂ ಸರಿಹೋಯಿತು.

ಚರಚರದ ಒಳಗೆ ಅವನ ದನಿ ಇದೆ ಅಂತ ಮಾತ್ರ ಗೊತ್ತಾಗುತ್ತಿತ್ತು. ಒಂದಕ್ಷರವೂ ತಿಳಿಯಲಿಲ್ಲ. “ಕೇಳಿಸ್ತಿಲ್ಲ, ಇನ್ನೊಂದ್ ಸಲ ಹೇಳಿ,” ಅಂದೆ. ಅವನು ಹೇಳಿದನಂತೆ. ನನಗೆ ಸಾಸಿವೆ. ನನ್ನ ದನಿ ಅವನಿಗೆ ಸಲೀಸಾಗಿ ಹೋಗುತ್ತಿತ್ತು, ಸೋರಿಕೆ ನಮ್ಮ ಬೀದಿಯದಲ್ಲವೇ. ಉಳಿದ ಸ್ಟೇಷನ್ನಿನವರಿಗೆಲ್ಲ ಅವನೂ ಸಲೀಸು, ನಾನೂ ಸಲೀಸು. ಕೊನೆಗೆ ಜಯನಗರದ ಅಂಕಲ್ ತಮ್ಮ ದೊಡ್ಡ ಸೆಟ್ಟಿನಿಂದ ಗಲಾಟೆಯನ್ನು ಸೀಳಿಕೊಂಡು ಬಂದರು.

“ಕತ್ರಿಗುಪ್ಪೆ, ನಿಂಗೇನೂ ಕೇಳಿಸ್ಲಿಲ್ವೇನಮ್ಮ?”

“ಇಲ್ಲ ಅಂಕಲ್. ಸ್ವಲ್ಪ ರಿಲೇ ಮಾಡಿ.”

ಇದು ನಮ್ಮಲ್ಲಿ ದಿನದ ರೂಢಿ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟದಿದ್ದರೆ ನಡುವಿನವರು ಅದನ್ನು ಎತ್ತಿ ದಾಟಿಸುತ್ತಾರೆ, ಇಲ್ಲ ಎನ್ನುವ ಮಾತೇ ಇಲ್ಲ. ಅಂಕಲ್ ತಮ್ಮ ಜೀವಮಾನದಲ್ಲಿ ಸಾವಿರಾರು ಮಾತು ದಾಟಿಸಿದವರು.

“ಅದು ರಿಲೇ ಮಾಡೋ ವಿಷ್ಯ ಅಲ್ಲಮ್ಮ,” ಅಂದರು. ನೆಟ್ ಮುಗಿಸಿಬಿಟ್ಟರು.

ಅಯ್ಯೋ ನನ್ನ ಕರ್ಮವೇ! ನನ್ನನ್ನು ಕೇಳಿದ ಮಾತು ಜೆಪಿ ನಗರದ ಡೆಂಟಿಸ್ಟಿಗೆ ಗೊತ್ತು, ಬಸವನಗುಡಿಯ ಇಬ್ಬರು ಅಣ್ಣತಮ್ಮಂದಿರಿಗೆ ಗೊತ್ತು, ಬಿಡದಿ ಹತ್ತಿರದ ತೋಟದಲ್ಲಿ ಕೂತು ಬರೀ ಕೇಳಿಸಿಕೊಳ್ಳುವ ತಾತನಿಗೂ ಗೊತ್ತು. ನನಗೆ ಗೊತ್ತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ರಿಲೇ ಮಾಡೋ ವಿಷಯ ಅಲ್ಲ ಅಂದರೆ ಏನು ವಿಷಯ ಎಂದು ಯೋಚಿಸಿದಷ್ಟೂ ಕಿವಿ ಬಿಸಿಯಾಗಿ, ತಲೆ ಗಿರ್ರನೆ ಸುತ್ತಿ, ನಾನು ಮೆಟ್ಟಿಲಿಳಿಯುವ ಬದಲು ಅಮ್ಮನ ಸಂಡಿಗೆಯ ಮೊರದೊಳಗೆ ಕಾಲಿಟ್ಟೆ.

ಮಾರನೆಯ ದಿನ ಕಾಲೇಜಿನ ಹತ್ತಿರದ ಬೂತಿನಿಂದ ಅಂಕಲ್ಲಿಗೆ ಫೋನು ಮಾಡಿದೆ. ಅವರು ಹಿಡಿದ ಪಟ್ಟು ಬಿಡಲಿಲ್ಲ. “ನೆಟ್ಟಲ್ಲಿ ಕೇಳಿದ್ದಕ್ಕೆ ನೆಟ್ಟಲ್ಲೇ ಉತ್ತರ. ನಾನೇನು ಮದುವೆ ಬ್ರೋಕರಾ?” ಅಂದರು. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡಿದ್ದೂ ಫೋನಿನಲ್ಲಿ ಗೊತ್ತಾಯಿತು. “ಒಂದು ಮಾಹಿತಿ ಬೇಕಾದ್ರೆ ದಾಟಿಸ್ಬೋದು. ಬಿಟಿಎಂ ಸ್ಟೇಷನ್ ಭಾನುವಾರ ರಾತ್ರಿ ಬಸ್ಸಿಗೆ ಊರಿಗೆ ಹೊರಡುತ್ತೆ. ವಾಪಸ್ ಬರೋದು ಖಾತ್ರಿ ಇಲ್ಲ. ನಡುವೆ ಬರಲ್ವಂತೆ, ಭಾನುವಾರದ ನೆಟ್ಟಿಗೆ ಬರ್ತಾರಂತೆ, ಅದೇ ಕೊನೇದು. ಬೇಕಾದ್ರೆ ನಮ್ಮನೆಗೇ ಬಂದು ಕೂತು ಕೇಳಮ್ಮ, ಆಂಟಿ ಚಕ್ಕುಲಿ ಮಾಡಿರ್ತಾಳೆ.”

ಅವರ ನಡುಮನೆಯಲ್ಲಿ, ಆಂಟಿ ಒಂದು ಕಡೆ, ಸೊಸೆ ಒಂದು ಕಡೆ, ತಟ್ಟೆ ತುಂಬ ಚಕ್ಕುಲಿ, ನಡುವೆ ನಾನು ಕೂತು ಆ ಮಾತು ಕೇಳಿಸಿಕೊಳ್ಳುವುದೇ? ಜೀವ ಹೋದರೂ ಇಲ್ಲ. ದೀಪ ಹಚ್ಚಿದ ಮೇಲೆ ಹೊಸಿಲು ದಾಟಲು ಅಪ್ಪ ಬಿಡುತ್ತಲೂ ಇರಲಿಲ್ಲ. ಇದ್ದದ್ದು ಒಂದೇ ದಾರಿ. ಭಾನುವಾರ ಏಳು ಗಂಟೆಯೊಳಗೆ ಆ ಸೋರಿಕೆ ಎಲ್ಲಿದೆಯೋ ಹುಡುಕಿ ನಿಲ್ಲಿಸಬೇಕು.

ಕೇಬಲ್ ಅಣ್ಣನನ್ನು ಹಿಡಿದೆ. ಒಳ್ಳೆಯ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ಕೆರೆದುಕೊಂಡ.

“ಲೀಕ್ ಆಗಕ್ಕೆ ಇದೇನು ನೀರಿನ ಪೈಪಾ ಮೇಡಂ? ಹೊಸಕೆರೆಹಳ್ಳಿ ತನಕ ಲೈನ್ ಎಳ್ದಿದೀನಿ. ಎಲ್ಲಿ ಅಂತ ಹುಡುಕ್ಲಿ? ನೀವು ಜಾಗ ತೋರ್ಸಿ, ಏಣಿ ಹಾಕಿ ಐದ್ ನಿಮಿಷಕ್ಕೆ ಟೈಟ್ ಮಾಡಿಕೊಡ್ತೀನಿ.”

ಜಾಗ ಹುಡುಕುವ ವಿದ್ಯೆ ನನಗೆ ಗೊತ್ತಿತ್ತು. ನಮ್ಮ ಹವ್ಯಾಸಿಗಳು ವರ್ಷಕ್ಕೊಮ್ಮೆ ಒಂದು ಪುಟ್ಟ ರೇಡಿಯೊವನ್ನು ಎಲ್ಲಾದರೂ ಬಚ್ಚಿಟ್ಟು, ಅದರ ಸಿಗ್ನಲ್ಲಿನ ಜಾಡು ಹಿಡಿದು ಹುಡುಕುವ ಆಟ ಆಡುತ್ತಾರೆ. ಅದಕ್ಕೆಂದೇ ನಾನು ಪಿವಿಸಿ ಪೈಪಿಗೆ ಬಡಗಿಯ ಉಕ್ಕಿನ ಅಳತೆ ಟೇಪಿನ ತುಂಡುಗಳನ್ನು ಅಡ್ಡಡ್ಡ ಕಟ್ಟಿ ಕೈಯಲ್ಲಿ ಹಿಡಿಯುವ ಆಂಟೆನಾ ಮಾಡಿಕೊಂಡಿದ್ದೆ. ಶುಕ್ರವಾರ ಮಧ್ಯಾಹ್ನ ಕಾಲೇಜಿಗೆ ರಜೆ ಹಾಕಿ, ಪುಟ್ಟ ರಿಸೀವರನ್ನು ಕೊರಳಿಗೆ ತೂಗುಹಾಕಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹೊರಟೆ. ಆಂಟೆನಾವನ್ನು ಮುಂದೆ ಚಾಚಿ ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಬೇಕು. ಸಾಸಿವೆಯ ಸದ್ದು ಎತ್ತ ಜೋರೋ ಅತ್ತ ನಡೆಯಬೇಕು. ಹತ್ತಿರವಾದಷ್ಟೂ ಎಲ್ಲ ದಿಕ್ಕಿನಲ್ಲೂ ಜೋರಾಗಿ ದಾರಿ ತಪ್ಪುತ್ತದೆ. ಆಗ ಇನ್ನೊಂದು ಉಪಾಯ, ರಿಸೀವರನ್ನು ಎದೆಗೆ ಅವಚಿಕೊಂಡು ನಿಂತಲ್ಲೇ ಬುಗುರಿಯ ಹಾಗೆ ಸುತ್ತುವುದು. ನಮ್ಮ ಮೈಯೇ ಅಡ್ಡ ಬಂದು ಸದ್ದು ಕಮ್ಮಿಯಾದಾಗ ಸೋರಿಕೆ ಬೆನ್ನ ಹಿಂದಿದೆ ಅಂತ ಅರ್ಥ.

ಕತ್ರಿಗುಪ್ಪೆಯ ನಾಲ್ಕು ಅಡ್ಡರಸ್ತೆಗಳ ಕೂಡುಗಳಲ್ಲಿ ನಾನು ಹೀಗೆ ಸುತ್ತಿದೆ. ಬಿಸಿಲು, ಉಪವಾಸ, ಪ್ರೇಮ, ಮೇಲೆ ಈ ಗಿರಗಿಟ್ಲೆ. ಎರಡು ಸಲ ಯಾರದೋ ಕಾಂಪೌಂಡ್ ಹಿಡಿದುಕೊಂಡು ನಿಂತೆ. ಸೊಪ್ಪಿನ ಗಾಡಿಯವಳು “ಯಾವ್ ಕಡೆ ತೋರುಸ್ತೈತಕ್ಕಾ?” ಅಂತ ಕೇಳಿದಳು. “ತೆಂಗಿನಮರದ ಕಡೆ,” ಅಂದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. ಹಿಂದೆ ನೋಡಿದರೆ ಐದಾರು ಹೆಂಗಸರು, ಒಬ್ಬ ಇಸ್ತ್ರಿಯವನು ನನ್ನ ಜೊತೆಗೇ ಬರುತ್ತಿದ್ದರು. ರೇಡಿಯೊ ವಿಜ್ಞಾನದ ಮೇಲೆ ಜನಕ್ಕೆ ಇಷ್ಟು ಆಸಕ್ತಿಯಿದೆಯಲ್ಲ ಅಂತ ನನಗೆ ಸಂತೋಷವಾಯಿತು.

ಜಾಡು ಹೋಗಿ ನಿಂತದ್ದು ಗೌಡರ ಖಾಲಿ ಸೈಟಿನ ಮೂಲೆಯಲ್ಲಿ. ಗೌಡರು ಕತ್ರಿಗುಪ್ಪೆ ಹಳ್ಳಿಯಾಗಿದ್ದಾಗ ಅಲ್ಲೇ ರಾಗಿ ಬೆಳೆದವರು. ಈಗ ಅದೇ ನೆಲದಲ್ಲಿ ಮೂರಂತಸ್ತು ಕಟ್ಟಿಸಿ ಎಂಟು ಸಂಸಾರಗಳಿಗೆ ಬಾಡಿಗೆ ಕೊಟ್ಟಿದ್ದರು. ಪಕ್ಕದ ಸೈಟಿನಲ್ಲಿ ಒಂದು ಹಸು, ಒಂದು ತೆಂಗಿನಮರ. ಮರಕ್ಕೆ ಕೇಬಲ್ ಅಣ್ಣ ಕಟ್ಟಿದ್ದ ತಗಡಿನ ಡಬ್ಬ, ಡಬ್ಬದ ಬುಡದಲ್ಲಿ ಜೋಲಾಡುತ್ತಿದ್ದ ಒಂದು ವೈರು. ಅದರ ಕೆಳಗೆ ಹೋಗಿ ನಿಂತ ಕೂಡಲೇ ರಿಸೀವರಿನ ಮುಳ್ಳು ಕೊನೆಗೆ ಹೋಗಿ ಬಡಿಯಿತು. ನಾನು ಕುಣಿದೇಬಿಟ್ಟೆ.

ಕಲ್ಲುಚಪ್ಪಡಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದ ಗೌಡರು ಎದ್ದು ಬಂದರು.

“ಸಿಕ್ತೇನಮ್ಮಾ?”

“ಸಿಕ್ತು ಸಾರ್! ಕರೆಕ್ಟಾಗಿ ಇಲ್ಲೇ. ಇಷ್ಟು ಜೋರಾಗಿ ನನ್ನ ಮೆಷಿನ್ನು ಎಲ್ಲೂ ತೋರಿಸಿಲ್ಲ!”

“ಎಷ್ಟಡಿ ಇರ್ಬೋದು?”

ನಾನು ಡಬ್ಬದ ಕಡೆ ನೋಡಿ ಅಂದಾಜು ಮಾಡಿದೆ. “ಹದಿನೈದಡಿ ಇರುತ್ತೆ ಸಾರ್, ಅಷ್ಟೇ.”

ಗೌಡರು ಎಲೆ ಅಡಿಕೆ ಉಗಿದರು. “ಹದಿನೈದಡಿಗೇ? ಆ ಮೂಲೇಲಿ ಆರ್ನೂರಡಿ ತೋಡ್ಸಿ ಧೂಳು ಕುಡ್ದಿದೀವಲ್ಲಮ್ಮಾ!”

“ತುಂಬಾ ದಿನದಿಂದ ಲೀಕ್ ಆಗ್ತಿರ್ಬೇಕು ಸಾರ್,” ಅಂದೆ, ನನ್ನದೇ ಗುಂಗಿನಲ್ಲಿ.

“ನಾನೂ ಅದೇ ಅಂದ್ಕಂಡಿದ್ದೆ ಕಣವ್ವ. ಕೆರೆ ಕಡೆಯಿಂದ ಒಂದು ಸೆಲೆ ಇರ್ಲೇಬೇಕು ಅಂತ.”

ಕೆರೆ ಅಂದಾಗ ನನಗೆ ಎಚ್ಚರವಾಯಿತು. ಹಿಂದೆ ಬಂದ ಹೆಂಗಸರು, ಸೊಪ್ಪಿನವಳ ಗಾಂಭೀರ್ಯ, ಎಲ್ಲ ಒಟ್ಟಿಗೆ ತಲೆಗೆ ಹೊಕ್ಕಿತು. ಆ ಬೇಸಿಗೆ ಬಡಾವಣೆಯ ಬೋರ್‌ವೆಲ್ಲುಗಳೆಲ್ಲ ಒಣಗಿದ್ದವು. ಕವೆಗೋಲು ಹಿಡಿದು, ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿಕೊಂಡು ನೀರಿನ ಪಾಯಿಂಟ್ ನೋಡುವವರು ಬೀದಿಗೊಬ್ಬರಂತೆ ಓಡಾಡುತ್ತಿದ್ದರು. ಉಕ್ಕಿನ ಪಟ್ಟಿಯ ಕೋಲು ಚಾಚಿ, ಕಿವಿಗೆ ಯಂತ್ರ ಇಟ್ಟು, ನಿಂತಲ್ಲೇ ಸುತ್ತುವ ನಾನು ಅವರೆಲ್ಲರಿಗಿಂತ ದೊಡ್ಡ ಪಂಡಿತೆಯಾಗಿ ಕಂಡಿದ್ದೆ. ಎತ್ತು ಏರಿಗೆ, ಕೋಣ ನೀರಿಗೆ. ನಾನು ಮೇಲಿನ ಡಬ್ಬ ನೋಡುತ್ತಿದ್ದೆ, ಗೌಡರು ನನ್ನ ಕಾಲ ಕೆಳಗಿನ ನೆಲ ನೋಡುತ್ತಿದ್ದರು.

“ಅಯ್ಯೋ ಸಾರ್, ನೀರಲ್ಲ, ಇದು ಕೇಬಲ್ಲಿನ ಸಿಗ್ನಲ್ಲು,” ಅಂತ ಬಿಡಿಸಿ ಬಿಡಿಸಿ ಹೇಳಿದೆ. ಗೌಡರು ನಕ್ಕರು. “ನಿಜವಾಗ್ಲೂ ನೀರು ನೋಡೋರು ಯಾರೂ ನಾನೇ ನೋಡ್ದೆ ಅನ್ನಲ್ಲ. ನಮ್ಮಪ್ಪನ ಕಾಲ್ದಲ್ಲೂ ಹಂಗೇ.” ನಾನು ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ನಾನು ನಿಂತಿದ್ದ ಜಾಗದಲ್ಲಿ ಒಂದು ಕಲ್ಲು ನೆಟ್ಟು, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ದಿಟ್ಟರು. ಬೋರ್ ಕೊರೆಯುವ ರಿಗ್ ಲಾರಿ ಬರುವವರೆಗೆ ಅದರ ಸುತ್ತ ಯಾರೂ ಕಾಲಿಡುವ ಹಾಗಿಲ್ಲ ಎಂದು ಅಪ್ಪಣೆಯಾಯಿತು.

ಕೇಬಲ್ ಅಣ್ಣ ಏಣಿ ಹೊತ್ತುಕೊಂಡು ಬಂದ. ಏಣಿ ನಿಲ್ಲಿಸಬೇಕಾದದ್ದು ಸರಿಯಾಗಿ ಆ ಕಲ್ಲಿನ ಮೇಲೆ. “ಪಾಯಿಂಟ್ ತುಳಿದ್ರೆ ಸೆಲೆ ಸರ್ಕೊಂಡು ಹೋಗ್ತದೆ, ನಡಿ ಆಚೆ,” ಅಂತ ಗೌಡರು ಅಟ್ಟಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಶನಿವಾರ ನಾನು ಮತ್ತೆ ಹೋಗಿ ಗೋಗರೆದೆ. ಗೌಡರ ಹೆಂಡತಿ ನನ್ನನ್ನು ಕೂರಿಸಿ ಹಣೆಗೆ ಕುಂಕುಮ ಇಟ್ಟು, ಮಜ್ಜಿಗೆ ಕೊಟ್ಟು ಕಳಿಸಿದರು. ನಾನು ಮನೆ ಸೇರುವಷ್ಟರಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ರವಿಕೆ ಕಣ ಇಟ್ಟ ತಟ್ಟೆಯೊಂದು ಅಮ್ಮನ ಕೈ ಸೇರಿತ್ತು.

“ಅದೇನೇ, ನೀನು ಗಂಗೆ ತರಿಸ್ತೀಯಂತೆ?” ಅಂದಳು ಅಮ್ಮ. ಅಪ್ಪ ಮೊದಲ ಸಲ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ನಾನು ಬಾಗಿಲು ಹಾಕಿಕೊಂಡು, ಅಳುವೂ ನಗುವೂ ಒಟ್ಟಿಗೆ ಬಂದು, ದಿಂಬು ಕಚ್ಚಿಕೊಂಡು ಹೊರಳಾಡಿದೆ. ನನ್ನ ಬಾಳಿನ ಒಂದೇ ಒಂದು ಮಾತಿಗೂ ನನಗೂ ನಡುವೆ ಒಂದು ಅರಿಶಿನ ಹಚ್ಚಿದ ಕಲ್ಲು ಕೂತಿತ್ತು. ನಾನೇ ತೋರಿಸಿ ನೆಡಿಸಿದ ಕಲ್ಲು.

ಭಾನುವಾರ ಸಂಜೆ ಐದರ ಹೊತ್ತಿಗೆ ತಮಿಳುನಾಡಿನ ರಿಗ್ ಲಾರಿ ಗುಡುಗುತ್ತ ಬಂತು. ಲಾರಿಯ ಬೆನ್ನಿನ ಮೇಲೆ ಮಲಗಿದ್ದ ಕಬ್ಬಿಣದ ಗೋಪುರವನ್ನು ನೆಟ್ಟಗೆ ನಿಲ್ಲಿಸಿ ಕೊರೆಯಬೇಕು. ನಾನು ನಮ್ಮ ತಾರಸಿಯ ಕಟ್ಟೆಯ ಮೇಲೆ ಗಲ್ಲ ಊರಿ, ಗೌಡರ ದುಡ್ಡೂ ಹಾಳು, ನನ್ನ ಭಾನುವಾರವೂ ಹಾಳು ಅಂತ ನೋಡುತ್ತ ನಿಂತಿದ್ದೆ. ಗೌಡರದೇನೂ ಹಾಳಾಗಲಿಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಹದಿನೈದಡಿಗೆ ಏನೂ ಇರಲಿಲ್ಲ. ಇಡೀ ರಾತ್ರಿ ಕೊರೆದ ಮೇಲೆ, ಎಲ್ಲೋ ಪಾತಾಳದಲ್ಲಿ, ಮಾರನೆಯ ಬೆಳಗ್ಗೆ ನೀರು ಸಿಕ್ಕಿತು. ಅದಕ್ಕೂ ನನಗೂ ಏನೂ ಸಂಬಂಧವಿಲ್ಲ. ಆದರೆ ಆಮೇಲೆ ಎರಡು ವರ್ಷ ಬನಶಂಕರಿ ಎರಡನೇ ಹಂತದಿಂದೆಲ್ಲ ಜನ ನಮ್ಮ ಮನೆಗೆ ತಾಂಬೂಲ ಹಿಡಿದುಕೊಂಡು ಬರುತ್ತಿದ್ದರು.

ಗೋಪುರ ಅರ್ಧ ಎದ್ದು ನಿಂತಿತು. ರಿಗ್ಗಿನ ಮೇಸ್ತ್ರಿ ಮೇಲೆ ನೋಡಿ ಕೈ ಬೀಸಿದ. ಅಡ್ಡಕ್ಕೆ ವೈರುಗಳಿವೆ, ಗೋಪುರ ನಿಲ್ಲುವುದಿಲ್ಲ.

“ಏನ್ ವೈರು?” ಗೌಡರ ದನಿ ನಮ್ಮ ತಾರಸಿಗೂ ಕೇಳಿಸಿತು.

“ಕೇಬಲ್ ಸಾರ್.”

“ಬಿಚ್ಚಾಕ್ರೋ ಎಲ್ಲಾನೂ! ಆ ಡಬ್ಬಾನೂ ಬಿಚ್ರೋ! ಕರೀರಿ ಆ ಕೇಬಲ್ಲವನ್ನ!”

ಕೇಬಲ್ ಅಣ್ಣ ಓಡಿ ಬಂದ. ಈಗ ಏಣಿಯನ್ನು ಗೌಡರೇ ಹಿಡಿದುಕೊಂಡರು. ಏಳಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಡಬ್ಬ ಕೆಳಗಿಳಿಯಿತು. ಆ ಕ್ಷಣಕ್ಕೆ ಕತ್ರಿಗುಪ್ಪೆಯ ಅರ್ಧ ಭಾಗದ ಟಿವಿಗಳೆಲ್ಲ ಒಟ್ಟಿಗೆ ಸತ್ತವು. ಭಾನುವಾರದ ಸಿನಿಮಾ ನಡುವಿನಲ್ಲೇ ನಿಂತುಹೋಗಿ, ಮನೆಮನೆಯಿಂದ “ಅಯ್ಯೋ” ಎಂಬ ಕೂಗು ಎದ್ದಿತು. ನಾನು ತಗಡಿನ ಕೋಣೆಗೆ ನುಗ್ಗಿ ರೇಡಿಯೊ ಹಾಕಿದೆ. ಸಾಸಿವೆ ಇಲ್ಲ. ಒಂದು ಕಾಳೂ ಇಲ್ಲ. ಆ ಮೌನಕ್ಕೆ ನಾನು ಕೈ ಮುಗಿದೆ.

ಮೌನ ಎಷ್ಟು ಹೊತ್ತು? ರಿಗ್ ಶುರುವಾಯಿತು. ನೆಲ ನಡುಗಿತು, ತಗಡು ನಡುಗಿತು, ನನ್ನ ಹಲ್ಲೂ ನಡುಗಿತು. ಟಿವಿ ಹೋದ ಮೇಲೆ ಮನೆಯೊಳಗೆ ಏನು ಕೆಲಸ ಅಂತ ಬೀದಿಯವರೆಲ್ಲ ರಿಗ್ ನೋಡಲು ನಮ್ಮ ತಾರಸಿಗೇ ಬಂದರು, ಅಲ್ಲಿಂದ ಚೆನ್ನಾಗಿ ಕಾಣುತ್ತದಲ್ಲ. ಎದುರು ಮನೆ ಆಂಟಿ, ಇಸ್ತ್ರಿಯವನು, ಅಮ್ಮ, ಅಪ್ಪ, ಯಾರದೋ ಮನೆಗೆ ಬಂದಿದ್ದ ನೆಂಟರು. “ನೀರು ಹುಡುಕಿದ ಹುಡುಗಿ ಇವಳೇ,” ಅಂತ ನನ್ನನ್ನು ತೋರಿಸುತ್ತಿದ್ದರು. ನಾನು ಹೆಡ್‌ಫೋನು ಕಿವಿಗೆ ಹಾಕಿ, ಮೇಲೊಂದು ಕಂಬಳಿ ಹೊದ್ದು, ಮೈಕನ್ನು ಬಾಯಿಗೆ ಒತ್ತಿಕೊಂಡು ಕೂತೆ. ಕಂಬಳಿಯೊಳಗೆ ಬರೀ ಬೆವರು, ಧೂಳು.

ಅಂಕಲ್ ಹಾಜರಿ ಕರೆದರು. ಆ ದಿನ ಎಂದೂ ಬಾರದವರೂ ಬಂದಿದ್ದರು. ಬಿಡದಿಯ ತಾತ ಮೊದಲ ಸಲ ಬಾಯಿ ಬಿಟ್ಟು “ನಾನೂ ಇದೀನಿ” ಅಂದರು. ನನ್ನ ಸರದಿ ಬಂದಾಗ “ಕತ್ರಿಗುಪ್ಪೆ, ಎಲ್ಲರೂ ಸ್ಪಷ್ಟವಾಗಿ ಕೇಳಿಸ್ತಿದೀರ,” ಅಂದೆ. ಅಂಕಲ್ ಗಂಟಲು ಸರಿಮಾಡಿಕೊಂಡರು. “ಸರಿ. ಇವತ್ತು ಬೇರೆ ಯಾರಿಗೂ ಸರದಿ ಇಲ್ಲ. ಬಿಟಿಎಂ, ಮಾತಾಡಿ.”

“ಕತ್ರಿಗುಪ್ಪಿ, ಕೇಳಸ್ತೈತೇನ್ರಿ?”

“ಕೇಳಿಸ್ತಿದೆ. ಓವರ್.”

“ನಿಮ್ ಕಡೆ ಏನ್ರೀ ಅದು ಗುಡುಗಿನ ಸಪ್ಪಳ? ಮಳಿ ಐತೇನು?”

“ಬೋರ್ ಕೊರೀತಿದಾರೆ. ಹವಾಮಾನ ಬಿಡಿ, ವಿಷಯಕ್ಕೆ ಬನ್ನಿ. ಓವರ್!” ನನ್ನ ಸಿಟ್ಟಿಗೆ ಯಾರೋ ನಕ್ಕದ್ದು ಗಾಳಿಯಲ್ಲಿ ಬಂತು.

ಅವನು ಗುಂಡಿ ಒತ್ತಿದ.

“ಊರಾಗ ನಮ್ಮವ್ವ ನನಗ ಹುಡುಗಿ ನೋಡ್ಯಾಳ್ರಿ. ನಾಳೆ ಒಪ್ಪಿಗಿ ಹೇಳ್ಬೇಕಂತ. ಬಸ್ಸಿನ ಟಿಕೇಟು ನನ್ನ ಕೈಯಾಗೈತಿ. ನಾನು ನಿಮ್ಮನ್ನ ನೋಡಿಲ್ಲ, ನೀವು ನನ್ನ ನೋಡಿಲ್ಲ. ಆದ್ರ ದಿನಾ ಸಂಜಿಮುಂದ ಏಳ್ ಗಂಟೆ ಆಗೂದನ್ನ ಕಾಯ್ಕೊಂತ ಕುಂದ್ರತೀನ್ರಿ. ಈ ಟಿಕೇಟ್ ತಗೊಂಡು ಹೋಗ್ಲೋ, ಹರೀಲೋ? ನೀವು ಹೇಳ್ರಿ. ಓವರ್.”

ಅವನು ಗುಂಡಿ ಬಿಟ್ಟ. ಗಾಳಿ ಖಾಲಿಯಾಯಿತು. ಸ್ವಂತ ವಿಷಯ ಅಂತ ಅಂಕಲ್ ಗದರಲಿಲ್ಲ. ಜೆಪಿ ನಗರ ಕೆಮ್ಮಲಿಲ್ಲ. ಅಷ್ಟೊಂದು ಸ್ಟೇಷನ್ನುಗಳು ತುಂಬಿದ್ದ ಆಕಾಶದಲ್ಲಿ ಒಬ್ಬರೂ ಉಸಿರೆತ್ತದೆ ನನಗೆ ಜಾಗ ಬಿಟ್ಟು ನಿಂತಿದ್ದರು. ಕಂಬಳಿಯ ಹೊರಗೆ ಅಪ್ಪನ ಪಂಚೆಯ ಅಂಚು ಕಾಣುತ್ತಿತ್ತು. ನನಗೆ ಭಯವಾಗಬೇಕಿತ್ತು. ಆಗಿದ್ದು ಬರೀ ಸಂತೋಷ, ಕೈಕಾಲಿನಲ್ಲೆಲ್ಲ ಜುಮ್ಮೆನ್ನುವ ಹುಚ್ಚು ಸಂತೋಷ.

ಗುಂಡಿ ಒತ್ತಿ, ರಿಗ್ಗಿನ ಗುಡುಗನ್ನು ಮೀರಿಸುವ ಹಾಗೆ ಕೂಗಿದೆ.

“ಹರೀರಿ! ಓವರ್!”

ತಾರಸಿಯ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. “ಏನೇ ಹರಿಯೋದು?” ಅಂತ ಅಮ್ಮ ಕಂಬಳಿ ಎಳೆದಳು. ನಾನು ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೆ. ಅವನು ಗುಂಡಿ ಒತ್ತಿದ್ದು ಗೊತ್ತಾಯಿತು. ಮೈಕಿನ ಹತ್ತಿರದಲ್ಲೇ ಕಾಗದ ಹರಿಯುವ ಸದ್ದು ಬಂತು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ.